ಒಂದು ಮಗು ಕಡಿಮೆ

ನಿಯಮ ಒಂದೇ ವಾಕ್ಯದ್ದು: ಆರು ತಿಂಗಳಾದರೂ ಒಂದು ಮನೆಯಲ್ಲಿ ಇದ್ದವರನ್ನು, ಇಲ್ಲವೇ ಅಷ್ಟು ಕಾಲ ಇರಲಿರುವವರನ್ನು, ಆ ಮನೆಯಲ್ಲಿ ಮಾತ್ರ ಎಣಿಸಬೇಕು. ತರಬೇತಿಯಲ್ಲಿ ಇದನ್ನು ನಾನೇ ಮೂರು ಸಲ ಓದಿ ಹೇಳಿದ್ದೆ. ಆದರೂ ಮನೆಮನೆ ಗಣತಿಗೆ ಮೇಲ್ವಿಚಾರಕನಾಗಿ ಹೋದಾಗಲೆಲ್ಲ ಈ ವಾಕ್ಯ ಯಾರದಾದರೂ ಅಂಗಳದಲ್ಲಿ ಮುರಿದು ಬೀಳುತ್ತದೆ. ಈ ಸಲ ಹಾಸನದ ಕಡೆಯ ಮಗ್ಗೆಯಿಂದಾಚೆಗಿನ ಒಂದು ಸಣ್ಣ ಊರಿನಲ್ಲಿ ಎಲ್ಲರೂ ಸೇರಿ ಮುರಿದರು. ನನ್ನನ್ನೂ ಸೇರಿಸಿ.

ಕಾರಣವಿತ್ತು. ಆರು ವರ್ಷದೊಳಗಿನ ಮಕ್ಕಳು ಹತ್ತಕ್ಕಿಂತ ಕಡಿಮೆ ಕಂಡರೆ ಅಲ್ಲಿನ ಅಂಗನವಾಡಿಯನ್ನು ಮೂರು ಮೈಲಿ ಕೆಳಗಿನ ಊರಿನದಕ್ಕೆ ಸೇರಿಸುವ ಮಾತಿತ್ತು. ದಾರಿಯಲ್ಲಿ ಆನೆ ಕಾಟ. ಊರಿನ ಗಣತಿಗೆ ನೇಮಕವಾದವರು ಆ ಅಂಗನವಾಡಿಯ ಟೀಚರೇ. ಅದು ಮುಚ್ಚಿದರೆ ಅವರ ಕೆಲಸವೂ ಹೋದಂತೆ. ಮೊದಲ ದಿನ ಅವರ ಮೊಬೈಲಿನ ಗಣತಿ ಪಟ್ಟಿಯಲ್ಲಿ ಕಂಡ ಮಕ್ಕಳು ಐದು. ಮರುದಿನ ಪರಿಶೀಲನೆಗೆ ನಾನು ಜೊತೆಗೆ ಹೊರಟೆ.

೧. ಕಂಬದ ಮೇಲಿನ ಗೀಟು

ಮೊದಲನೆ ಮನೆಯ ಅಜ್ಜಿ, "ಮೂರು ಮೊಮ್ಮಕ್ಕಳು ಅವ್ರೆ, ಬರ್ಕೊಳಿ" ಎಂದರು.

"ಎಲ್ಲಿದ್ದಾರೆ?"

"ಹಾಸನದಾಗೆ."

"ಅಲ್ಲಿರುವವರನ್ನು ಅಲ್ಲೇ ಎಣಿಸುತ್ತಾರೆ."

ಅಜ್ಜಿ ನನ್ನ ಕೈ ಹಿಡಿದು ಜಗಲಿಯ ಕಂಬದ ಹತ್ತಿರ ಎಳೆದುಕೊಂಡು ಹೋದರು. ಮಕ್ಕಳ ಎತ್ತರ ಅಳೆದು ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. "ನೋಡಿ, ಸಾಕ್ಷಿ."

"ಅಜ್ಜಿ, ಇದೆಲ್ಲ ರಜೆಗೆ ಬಂದಾಗ ಹಾಕಿದ್ದಲ್ಲವೇ?"

"ಹೌದು ಮತ್ತೆ! ಬೆಳೆಯೋದೇ ಇಲ್ಲಿ ಬಂದಾಗ. ಅಲ್ಲಿ ಬರೀ ನೂಡಲ್ಸು ಕಣಪ್ಪ, ಒಂದು ಗೀಟೂ ಬೆಳೆಯಾಕಿಲ್ಲ."

೨. ಮುಂಗಡ

ಎರಡನೆ ಮನೆಯ ಯಜಮಾನರು ಒಂಬತ್ತು ಮಕ್ಕಳಲ್ಲಿ ಆರನೆಯವರು. ಅವರಿಗೆ ಮೂವರು. ಮಗನಿಗೆ ಒಂದೇ ಒಂದು ಹೆಣ್ಣು ಮಗು. ಅದನ್ನು ಆಗಲೇ ಬರೆದಾಗಿತ್ತು. ಒಂದು ಊರು ಹಿಗ್ಗುವುದೂ ಕುಗ್ಗುವುದೂ ನಾಲ್ಕೇ ಕಾರಣಕ್ಕೆ: ಹುಟ್ಟುವವರು, ಸಾಯುವವರು, ಬರುವವರು, ಹೋಗುವವರು. ಇದನ್ನು ನಾನು ಅವರಿಗೆ ವಿವರಿಸುತ್ತಿದ್ದಾಗ ಯಜಮಾನರ ಹೆಂಡತಿ ಅಡ್ಡ ಬಾಯಿ ಹಾಕಿದರು.

"ಹಂಗಾದ್ರೆ ಇನ್ನೊಂದು ಬರ್ಕೊಳಿ ಸಾರ್. ಮುಂದಿನ ವರ್ಷ ಗ್ಯಾರಂಟಿ ಹುಟ್ತೈತೆ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಸೊಸೆಯ ದನಿ ಬಂತು: "ಬರ್ಕೊಳಿ ಸಾರ್. ತಾಯಿ ಹೆಸರು ಕೇಳಿದ್ರೆ ನಮ್ಮ ಅತ್ತೇದೇ ಹಾಕ್ಬುಡಿ."

೩. ಕುಗ್ಗಿದ ಚಡ್ಡಿ

ಊರಿನ ಮೇಲಿನ ಕಾಫಿ ಎಸ್ಟೇಟಿನಲ್ಲಿ ಉಲ್ಟಾ. ಅಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, "ಕೂಲಿ ಲೈನಿನ ಮನೆಗಳಲ್ಲಿ ಅಸ್ಸಾಮಿನ ಆಳುಗಳು ಹನ್ನೆರಡು, ಮಕ್ಕಳು ಸೊನ್ನೆ" ಎಂದು ಕಡ್ಡಿ ಮುರಿದಂತೆ ಹೇಳಿದ. ಸಂಸಾರ ಸಮೇತ ಇದ್ದಾರೆಂದರೆ ನೀರು, ಕಕ್ಕಸು ಎಂದು ಯಾರಾದರೂ ಪ್ರಶ್ನೆ ಎತ್ತುತ್ತಾರೆಂಬ ಭಯ ಅವನಿಗೆ.

ಸ್ಟೋರಿನ ಹಿಂದೆ ಹಗ್ಗದಲ್ಲಿ ಅಂಗೈಯಗಲದ ಚಡ್ಡಿಗಳು ಸಾಲಾಗಿ ಒಣಗುತ್ತಿದ್ದವು.

"ಅವು ಯಾರವು?" ಎಂದೆ.

ರೈಟರ್ ಹಗ್ಗದ ಹತ್ತಿರ ಹೋಗಿ ಒಂದನ್ನು ಎಳೆದು ನೋಡಿದ. "ದೊಡ್ಡೋರವೇ ಸಾರ್. ಬಿಸಿನೀರಲ್ಲಿ ಒಗೆದೂ ಒಗೆದೂ ಕುಗ್ಗೋಗ್ಬುಟ್ಟವೆ."

ಅಷ್ಟರಲ್ಲಿ ಡ್ರಮ್ಮಿನ ಹಿಂದಿನಿಂದ ಸೀನು ಬಂತು. ನಂತರ ಇನ್ನೊಂದು. ಒಟ್ಟು ನಾಲ್ಕು ಮಕ್ಕಳು ಹೊರಬಂದವು, ಎಲ್ಲವೂ ಆರು ವರ್ಷದೊಳಗಿನವು, ಲೈನಿಗೆ ಬಂದು ವರ್ಷ ದಾಟಿದಂಥವು. ಟೀಚರ್ ಒಬ್ಬೊಬ್ಬರ ಮೂಗೊರೆಸಿ ಹೆಸರು ಕೇಳಿ ಬರೆದುಕೊಂಡರು. ಒಂಬತ್ತಾಯಿತು.

೪. ಹತ್ತನೆಯದು

ಕೊನೆಯ ಮನೆ ಟೀಚರದೇ. ಪಾಳ್ಯಕ್ಕೆ ಕೊಟ್ಟ ಅವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲಲ್ಲಿ ಎರಡು ತಿಂಗಳ ಗಂಡು ಕೂಸು. ಊರೆಲ್ಲ ಬಾಗಿಲಲ್ಲಿ ಜಮಾಯಿಸಿತ್ತು.

"ಹತ್ತನೇದು ಇಲ್ಲೇ ಮಲಗೈತಲ್ಲೇ!" ಎಂದರು ಗೀಟಿನ ಅಜ್ಜಿ.

"ಐದನೇ ತಿಂಗಳಿಗೆ ಕಳಿಸ್ತೀನಿ ಅಂತ ಬೀಗರಿಗೆ ಮಾತು ಕೊಟ್ಟೀನಿ. ಪಾಳ್ಯದಾಗೆ ಇವನ್ನ ಆಗಲೇ ಬರ್ಕೊಂಡವ್ರೆ" ಎಂದರು ಟೀಚರ್.

"ಇನ್ನೊಂದು ತಿಂಗಳು ಇಟ್ಕೊಳೇ, ಆರಾಯ್ತದೆ!"

"ನನ್ನ ಗಂಡನ್ನ ಯಾರಾದ್ರೂ ಒಂದು ಮಾತು ಕೇಳ್ತೀರಾ?" ಎಂದಳು ಬಾಣಂತಿ.

ಆನೆ ದಾರಿಯಲ್ಲಿ ನಡೆಯಬೇಕಾದ ಆ ಒಂಬತ್ತು ಮಕ್ಕಳು ನನ್ನ ಕಣ್ಣಿಗೆ ಬಂದವು. ಇಪ್ಪತ್ತು ವರ್ಷ ಅದೇ ಕೋಣೆಯಲ್ಲಿ ಕೂಸುಗಳಿಗೆ ಉಪ್ಪಿಟ್ಟು ಬಡಿಸಿದ ಟೀಚರೂ ಎದುರಿಗೇ ಇದ್ದರು. ಅವರ ಕೈಯಿಂದ ಮೊಬೈಲ್ ಇಸಿದುಕೊಂಡು ನಾನೇ ಒತ್ತಿದೆ: "ಹೆಸರಿಡದ ಗಂಡು ಮಗು, ಎರಡು ತಿಂಗಳು." ಪರದೆಯ ಮೇಲೆ ಹತ್ತು ಮೂಡಿತು.

"ಸಾರ್ ಒಳ್ಳೇರು ಕಣ್ರೋ!" ಅಜ್ಜಿ ಕೂಗಿದರು. "ಮುಖ ಒಂದೇ ಗಂಟು ಹಾಕ್ಕೊಂಡಂಗಿರೋದು."

ಟೀಚರ್ ಮಾತ್ರ ನಗಲಿಲ್ಲ. "ಸಾರ್, ಇವನು ಇಲ್ಲಿ ನೆಂಟ."

"ನಿಮ್ಮ ಕೆಲಸ ಹೋಗುತ್ತದಮ್ಮ."

"ಗೊತ್ತು ಸಾರ್. ಕೂತ್ಕೊಳಿ."

ಕೂತೆ. ಅವರು ಕೂಸನ್ನು ತೊಟ್ಟಿಲಿಂದ ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿದರು. ಕತ್ತು ನಿಲ್ಲದ ಕೂಸು, ಹಿಡಿಯಲು ಎರಡೂ ಕೈ ಬೇಕು. ಇಸ್ತ್ರಿ ಮಾಡಿದ ನನ್ನ ಪ್ಯಾಂಟು ಬೆಚ್ಚಗೆ ಒದ್ದೆಯಾಗುತ್ತಿರುವಾಗಲೇ, ನಾನು ಪಕ್ಕದಲ್ಲಿಟ್ಟಿದ್ದ ಮೊಬೈಲನ್ನು ಟೀಚರ್ ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಊರೆಲ್ಲ ನೋಡುತ್ತಿದ್ದಂತೆ ತಮ್ಮ ಮೊಮ್ಮಗನನ್ನು ಡಿಲೀಟ್ ಮಾಡಿದರು.