ಅತ್ತೆಯ ಸಿಪ್ಪೆ ಸಂಪತ್ತು

ನಮ್ಮ ಸೋದರತ್ತೆಯ ಮನೆಯಲ್ಲಿ ಹಣ್ಣಿಗಿಂತ ಸಿಪ್ಪೆಗೇ ಮರ್ಯಾದೆ ಹೆಚ್ಚು! ಹಣ್ಣು ಯಾರು ತಿಂದರೂ ಕೇಳುವವರಿಲ್ಲ. ಸಿಪ್ಪೆಯನ್ನು ಕಿಟಕಿಯಾಚೆ ಎಸೆದಿರೋ, ನಿಮ್ಮ ಕಥೆ ಮುಗಿಯಿತು! ಹುಕ್ಕೇರಿಯ ಆ ಮನೆಯಲ್ಲಿ ಸೋಸಿ ಉಳಿದ ಚಹಾಪುಡಿ ಮಾಳಿಗೆಯ ಮೇಲೆ ಒಣಗುತ್ತಿರುತ್ತದೆ, ಕಿತ್ತಳೆ ಸಿಪ್ಪೆ ಅರಿವೆಯ ಟ್ರಂಕಿನಲ್ಲಿರುತ್ತದೆ, ಲಿಂಬೆಹೋಳು ಕುರ್ಚಿಯ ಮೇಲಿರುತ್ತದೆ. ಇನ್ನು ಬಂದವರು ಎಲ್ಲಿ ಕೂಡಬೇಕು?

ಒಮ್ಮೆ ಸಂಕೇಶ್ವರದಲ್ಲಿ ಅತ್ತೆ ಶರಬತ್ತಿನ ಗಾಡಿಯವನ ಹತ್ತಿರ ಹಿಂಡಿದ ಲಿಂಬೆಹೋಳು ಕೇಳಿದಳು.

"ಎಮ್ಮಿಗೇನ್ರಿ ಅಕ್ಕಾರ?"

"ಎಮ್ಮಿಗ್ಯಾಕೊ? ನಮ್ಮ ಮನಿ ಘಮಘಮ ಅನಬೇಕು!"

ನಾನು ಯಾರೋ ದಾರಿಹೋಕನಂತೆ ಹೆದ್ದಾರಿ ನೋಡುತ್ತ ನಿಂತೆ. ಇನ್ನೊಮ್ಮೆ ನನ್ನ ಬೂಟಿನ ವಾಸನೆ ಹೋಗಲೆಂದು ಅದರೊಳಗೆ ಚಹಾಪುಡಿ ತುಂಬಿಟ್ಟಿದ್ದಳು. ನೋಡದೆ ಹಾಕಿಕೊಂಡು ಮೂಡಲಗಿಯ ಒಂದು ಮದುವೆಗೆ ಹೋದೆ. ಬೂಟು ಬಿಚ್ಚಿದರೆ ಬೀಗರೆಲ್ಲ ಚಹಾಪುಡಿ ಮೆತ್ತಿದ ನನ್ನ ಪಾದವನ್ನೇ ನೋಡುತ್ತಿದ್ದಾರೆ!

ಇಂಥ ಅತ್ತೆ ಈ ಬೇಸಿಗೆಯಲ್ಲಿ ಚೀಲ ಹೊತ್ತು ಗೋಕಾಕದ ನಮ್ಮ ಮನೆಗೆ ಬಂದಿಳಿದಳು. ಅಪ್ಪನಿಗೆ ಸಕ್ಕರೆ ಕಾಯಿಲೆ; ಕಾಲಿನ ಗಾಯ ಬೇಗ ಮಾಯುತ್ತಿರಲಿಲ್ಲ. ಗುಣವಾಗುತ್ತದೆ ಎಂದು ಡಾಕ್ಟರೇನೋ ಧೈರ್ಯ ಹೇಳಿದ್ದರು. ಆದರೆ ಕೋಣೆಗೆ ಹಿಡಿದ ವಾಸನೆಗೆ ಅಪ್ಪ ನಾಚಿಕೊಂಡಿದ್ದ. ಮಾತಾಡಿಸಲು ಯಾರೇ ಬರಲಿ, ಗೋಡೆಗೆ ಮುಖ ಮಾಡಿ ನಿದ್ದೆ ಬಂದವನಂತೆ ಮಲಗುತ್ತಿದ್ದ. ಊರೆಲ್ಲ ಹರಟುತ್ತ ಬದುಕಿದ ಮನುಷ್ಯ ಈಗ ಊಟ ಕೇಳುವುದನ್ನೂ ಬಿಟ್ಟಿದ್ದ! ಗಾಯಕ್ಕಿಂತ ಆ ಮೌನಕ್ಕೇ ನಾವು ಹೆದರಿದ್ದೆವು.

ನಾನು ಗುಲಾಬಿಯ ಸ್ಪ್ರೇ ತಂದು ಹೊಡೆದಿದ್ದೆ. ಅಪ್ಪನಿಗೆ ಕೆಮ್ಮು ಹತ್ತಿತು.

"ಇದೇನೊ, ಮದವಿ ಮನಿ ಮಾಡಿಟ್ಟಿಯಲ್ಲ!" ಎಂದ ಅತ್ತೆ ಕಿಟಕಿ ತೆರೆದಳು. ಮಂಚದ ಕೆಳಗೆ ಒಣ ಚಹಾಪುಡಿಯ ಬಟ್ಟಲಿಟ್ಟಳು. ಮೋಸಂಬಿ ಸಿಪ್ಪೆ, ಲವಂಗ, ಚಕ್ಕೆ ಕುದಿಸಿ, ಹೊಗೆಯಾಡುವ ಆ ನೀರನ್ನು ಕಪ್ಪುಗಳಿಗೆ ಸುರಿದು ಕೋಣೆಯ ಮೂಲೆಮೂಲೆಗೆ ಇಟ್ಟಳು. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೂ ಒಂದು ಕಪ್ಪು ಕುಳಿತಿತು.

ಅಷ್ಟರಲ್ಲಿ ಕಲ್ಲೋಳಿಯಿಂದ ಅಪ್ಪನ ಹಳೆಯ ಗೆಳೆಯರೊಬ್ಬರು ಬಂದರು. ಅಪ್ಪ ಗೋಡೆಗೆ ತಿರುಗಿದ. ನಮ್ಮ ಕಡೆ ಬಂದವರ ಮುಂದೆ ಹೊಗೆಯಾಡುವ ಕಪ್ಪಿದ್ದರೆ ಅದು ಚಹಾ, ಒಲ್ಲೆ ಎನ್ನುವಂತಿಲ್ಲ. ಪಾಪ, ಕುಡಿದೇಬಿಟ್ಟರು!

"ತಂಗಿ, ಚಾ ಮಸ್ತ್ ಆಗೇತಿ. ಸಕ್ರಿ ಅಷ್ಟ ಮರ್ತೀ ನೋಡು."

"ಅಯ್ಯ ಅಣ್ಣಾರ! ಅದು ಕೋಲಿ ವಾಸನಿ ಹೋಗ್ಲಿ ಅಂತ ಇಟ್ಟಿದ್ದ ಸಿಪ್ಪಿ ನೀರ್ರಿ!"

ಗೋಡೆಯ ಕಡೆ ತಿರುಗಿದ್ದ ಬೆನ್ನು ಅಲುಗತೊಡಗಿತು. ಅಪ್ಪ ನಗುತ್ತಿದ್ದ! ತಡೆಯಲಾರದೆ ಈ ಕಡೆ ಹೊರಳಿದ.

"ಮಗನ, ನಿದ್ದಿ ಮಾಡಾಕತ್ತಿದ್ದೇನ್ ನೀ?" ಎಂದು ಗೆಳೆಯರು ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಎಳೆದುಕೊಂಡರು.

ಅಪ್ಪ ಮೆಲ್ಲಗೆ ಕೇಳಿದ, "ಖರೇ ಹೇಳು, ವಾಸನಿ ಬರತೈತೇನೊ?"

"ಬರತೈತಿ. ನನ್ನ ಬಾಯಾಗಿಂದ, ಲವಂಗದ್ದು!"

ಹೊತ್ತು ಮುಳುಗುವವರೆಗೂ ಅವರ ಹರಟೆ ನಿಲ್ಲಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಕಾಲು ಮುಟ್ಟಿದೆ. ನಮ್ಮಪ್ಪನನ್ನು ನಮಗೆ ತಿರುಗಿ ಕೊಟ್ಟವಳಿಗೆ ಬೇರೇನು ಮಾಡಲಿ?

"ಯಾಕೊ, ಇವತ್ತ ಹಬ್ಬ ಐತೇನ?" ಎಂದು ಗದರಿದಳು.

ಆಗ ಒಳಗಿನಿಂದ ಅಪ್ಪನ ಗಟ್ಟಿ ದನಿ: "ಏ ತಂಗಿ, ಹಸಿವ್ಯಾಗೇತಿ. ನಮ್ಮಿಬ್ಬರಿಗೂ ಊಟಕ್ಕ ಹಾಕು!"

ಅತ್ತೆ ರೊಟ್ಟಿಯ ಬುಟ್ಟಿ ಎತ್ತಿಕೊಂಡವಳು ಹಾಗೆಯೇ ಕೆಳಗಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಒಲೆಯ ಮುಂದೆ ಕುಳಿತುಬಿಟ್ಟಳು. ಆ ರಾತ್ರಿ ಅವರಿಬ್ಬರಿಗೂ ನಾನೇ ಬಡಿಸಿದೆ.