ಅರ್ಧ ಗೇಣಿನ ಸಿನಿಮಾ

ಇಳಕಲ್ಲಿನ ಮೂಡಲ ಓಣಿ ಕೈಮಗ್ಗ ನೇಕಾರರ ಸಹಕಾರಿ ಸಂಘದಲ್ಲಿ ಸಿನಿಮಾದ ಯೋಗ್ಯತೆಯನ್ನು ಗೇಣಿನಿಂದ ಅಳೆಯಲಾಗುತ್ತದೆ. ಇದಕ್ಕೆ ಕಾರ್ಯಕಾರಿ ಮಂಡಳಿಯ ಠರಾವಿದೆ, ಠರಾವಿಗೆ ನಂಬರಿದೆ, ನಂಬರಿನ ಕೆಳಗೆ ಅಧ್ಯಕ್ಷ ಶಿವಪ್ರಕಾಶರ ಸಹಿಯಿದೆ, ಸಹಿಯ ಮೇಲೆ ದುಂಡನೆಯ ಶಿಕ್ಕಾ ಬಿದ್ದಿದೆ. ಆದ್ದರಿಂದ ಇದರಲ್ಲಿ ನಗುವಂಥದ್ದೇನೂ ಇಲ್ಲ.

ಅಳೆಯುವವರು ಖಾಸಿಂಸಾಬರು. ಸಂಘದ ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳಿವೆ. ದಿನಾ ಸಂಜೆ ಗಜಕಡ್ಡಿ ಹಿಡಿದು ಒಂದೊಂದೇ ಮಗ್ಗದ ಮುಂದೆ ಕೂತು, ಅಂದು ಎಷ್ಟು ಸೀರೆ ನೇಯ್ದದ್ದಾಯಿತು ಎಂದು ಅಳೆದು ವಹಿಯಲ್ಲಿ ಬರೆಯುವುದು ಅವರ ಇಪ್ಪತ್ತೆರಡು ವರ್ಷದ ಕೆಲಸ. ಇಷ್ಟು ವರ್ಷದಲ್ಲಿ ಅವರ ಕಡ್ಡಿ ಒಂದು ಎಳೆಯಷ್ಟೂ ಸುಳ್ಳು ಹೇಳಿಲ್ಲ. ನಾಲಿಗೆಯ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾಗದು, ಏಕೆಂದರೆ ಖಾಸಿಂಸಾಬರಿಗೆ ಸಿನಿಮಾದ ಹುಚ್ಚು. ಬಾಗಲಕೋಟೆಯಲ್ಲಿ ಶುಕ್ರವಾರ ಹೊಸ ಚಿತ್ರ ಬಂದರೆ ಶನಿವಾರ ಅವರಿಗೆ ಹೊಟ್ಟೆನೋವು ಬಂದು ರಜೆ ಬೇಕಾಗುತ್ತಿತ್ತು. ಸೋಮವಾರ ಚಹಾದ ಹೊತ್ತಿಗೆ ಆ ಹೊಟ್ಟೆನೋವಿನ ಪೂರ್ತಿ ಕತೆ, ಕ್ಯಾಮೆರಾ ಕೆಲಸದ ಸಮೇತ, ಶೆಡ್ಡಿಗೆಲ್ಲ ತಿಳಿಯುತ್ತಿತ್ತು.

ಶೆಡ್ಡಿನ ಗೋಡೆಯ ಮೇಲೆ ಒಂದು ದೊಡ್ಡ ಟಿವಿಯೂ ಇದೆ. ಯಾವುದೋ ಮನೋಲ್ಲಾಸ ಯೋಜನೆಯಲ್ಲಿ ಬಂದದ್ದು. ಮಧ್ಯಾಹ್ನ ಎರಡಕ್ಕೆ ಅದರಲ್ಲಿ ಒಂದು ಸಿನಿಮಾ ಹಚ್ಚುತ್ತಾರೆ. ಇತ್ತ ಮಗ್ಗವೂ ನಡೆದಿರಬೇಕು, ಅತ್ತ ಸಿನಿಮಾನೂ ನಡೆದಿರಬೇಕು. ಆ ಹೊತ್ತಿನ ನೇಯ್ಗೆಯನ್ನು ಖಾಸಿಂಸಾಬರು ಸಿನಿಮಾ ಮುಗಿದ ಕೂಡಲೇ ಬೇರೆಯಾಗಿ ಅಳೆದು ಬರೆದಿಡುತ್ತಾರೆ. ನೇಯುವ ಹೆಣ್ಣುಮಕ್ಕಳಿಗೆ ಇದು ಬಿಟ್ಟರೆ ಬೇರೆ ಸಿನಿಮಾ ಇಲ್ಲ. ಮನೆಯ ಟಿವಿ ಮುಂದೆ ಮಾವ ಕೂತಿರುತ್ತಾನೆ, ಮೊಬೈಲು ಮಗನ ಕೈಯಲ್ಲಿರುತ್ತದೆ, ಅವರ ಪಾಲಿಗೆ ಉಳಿಯುವುದು ಒಲೆಯೊಂದೇ.

ಸಿನಿಮಾ ಮುಗಿದ ಮೇಲೆ ಚಹಾ ಬರುತ್ತದೆ, ಚಹಾದ ಜೊತೆ ಜಗಳ ಬರುತ್ತದೆ. ಏಳನೇ ಮಗ್ಗದ ಸತ್ಯವ್ವನಿಗೆ ಹೊಡೆದಾಟ ಬೇಕು. ಖಾಸಿಂಸಾಬರಿಗೆ ಶಿರೂರಿನ ಕಡೆಯ ಡೈರೆಕ್ಟರು ಸೋಮಲಿಂಗ ಶಿರೂರನೊಬ್ಬನಿದ್ದರೆ ಸಾಕು, ಉಳಿದವರೆಲ್ಲ ಕ್ಯಾಮೆರಾ ಬಾಡಿಗೆ ತಂದವರು.

"ಹೀರೋ ಅಂದ್ರ ಹೊಡೀಬೇಕ್ರಿ ಅಣ್ಣಾರ," ಎನ್ನುತ್ತಿದ್ದಳು ಸತ್ಯವ್ವ. "ನಿಮ್ಮ ಶಿರೂರನ ಸಿನಿಮಾದಾಗ ಹೀರೋ ಬರೇ ಬಸ್ಸಿಗೆ ಕಾಯ್ತಾನ."

"ಕಾಯೂದ್ರಾಗ ಐತಿ ತಂಗಿ ಆರ್ಟು! ಖರೆ ಮನಿಷಾ ಖರೆ ಬಸ್ಸಿಗೆ ಹೆಂಗ ಕಾಯ್ತಾನ, ಹಂಗ ತಗದಾನ. ಮ್ಯೂಸಿಕ್ಕಿಲ್ಲ, ಏನಿಲ್ಲ. ಕಡೀಕ ಬಸ್ ಬಂತಲ್ಲ, ನನ್ನ ಕಣ್ಣಾಗ ನೀರ ಬಂತು."

"ಬಸ್ ಬಂದ್ರ ನಮ್ಮ ಕಣ್ಣಾಗೂ ಬರ್ತಾವ," ಎಂದಳು ಮೂರನೇ ಮಗ್ಗದ ಮೌಲಾಬಿ. ಆಕೆ ಶೆಡ್ಡಿಗೆಲ್ಲ ಹಿರಿಯಳು, ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು.

ಹೋದ ಶ್ರಾವಣದಲ್ಲಿ ಈ ಜಗಳ ಕೈಮೀರಿತು. ಅಂದು 'ಗುಡುಗು ಮೀಸೆ, ಭಾಗ ಎರಡು' ಹಚ್ಚಿದ್ದರು. ಇಂಥಾ ಸಿನಿಮಾ ಮುಂದೆ ಹುಟ್ಟುವುದಿಲ್ಲ ಎಂದು ಸತ್ಯವ್ವ ಅಂದದ್ದೇ ತಡ, ಖಾಸಿಂಸಾಬರು ಕಪ್ಪು ಕೆಳಗಿಟ್ಟು ವಹಿ ತೆಗೆದರು.

"ಕಡ್ಡಿ ಸುಳ್ಳ ಹೇಳೂದಿಲ್ಲ ಸತ್ಯವ್ವಾ. ಈ ಮೀಸಿ ನಡದಾಗ ನೀ ಎಷ್ಟ ನೇಯ್ದಿ? ಮೂರು ಗೇಣು! ಯಾಕ? ತಲಿ ಎತ್ತಿ ನೋಡುವಂಥಾದ್ದು ಅದ್ರಾಗ ಏನೂ ಇರಲಿಲ್ಲ. ಹೊಡದದ್ದು ಕಿವಿಗೇ ಗೊತ್ತಾಗ್ತೈತಿ. ಶಿರೂರನ ಸಿನಿಮಾ ನಡದ ದಿನ ಎಷ್ಟು? ಅರ್ಧ ಗೇಣು! ಕೈ ನಿಂತಿದ್ದುವು ತಂಗಿ, ಹನ್ನೆರಡೂ ಮಗ್ಗದಾಗ ಕೈ ನಿಂತಿದ್ದುವು!"

ಸತ್ಯವ್ವ ತನ್ನ ಮಗ್ಗದ ಸೀರೆಯ ಮೇಲೆ ತಾನೇ ಗೇಣು ಹಾಕಿ ನೋಡಿಕೊಂಡಳು. ಸಿನಿಮಾದ ವಾದದಲ್ಲಿ ಒಬ್ಬ ಅಭಿಮಾನಿ ಲೆಕ್ಕ ತೋರಿಸಿ ಗೆದ್ದದ್ದು ಇದೇ ಮೊದಲಿರಬೇಕು. ಆದರೆ ಬಾಗಿಲಲ್ಲಿ ಅಧ್ಯಕ್ಷ ಶಿವಪ್ರಕಾಶರು ನಿಂತಿದ್ದರು.

"ಖಾಸಿಂಸಾಬ್ರ, ಇನ್ನೊಮ್ಮೆ ಅನ್ರಿ," ಎಂದರು. "ಯಾವುದಕ್ಕ ಎಷ್ಟು ಗೇಣು?"

ಮೂರನೇ ದಿನ ನೋಟೀಸು ಬೋರ್ಡಿನ ಮೇಲೆ ಪ್ರಕಟಣೆ ಬಿತ್ತು:

"ಸಂಘದ ಸಮಸ್ತ ನೇಕಾರರಿಗೆ ತಿಳಿಯಪಡಿಸುವುದೇನೆಂದರೆ, ಮಗ್ಗವೊಂದಕ್ಕೆ ಮೂರು ಗೇಣು ಅಥವಾ ಮೇಲ್ಪಟ್ಟು ನೇಯ್ಗೆಯಾಗುವ ಸಿನಿಮಾಗಳನ್ನು 'ಉತ್ಪಾದಕ ಚಿತ್ರ' ಎಂದು ಪರಿಗಣಿಸಿ ಎಷ್ಟು ಸಲ ಬೇಕಾದರೂ ಪ್ರದರ್ಶಿಸತಕ್ಕದ್ದು. ಒಂದು ಗೇಣಿಗಿಂತ ಕಡಿಮೆಯಾಗುವಂಥವು 'ಮಗ್ಗವಿರೋಧಿ ಚಿತ್ರ'ಗಳಾಗಿದ್ದು, ಅವುಗಳ ಪ್ರದರ್ಶನ, ಪ್ರಶಂಸೆ ಹಾಗೂ ಅವುಗಳನ್ನು ನೆನೆದು ನಿಟ್ಟುಸಿರು ಬಿಡುವುದನ್ನು ಶೆಡ್ಡಿನ ವ್ಯಾಪ್ತಿಯಲ್ಲಿ ನಿಷೇಧಿಸಲಾಗಿದೆ. ನಡುವಿನ ಚಿತ್ರಗಳನ್ನು ಹಬ್ಬದ ಹಿಂದಿನ ದಿನ ಮಾತ್ರ ತೋರಿಸಬಹುದು."

ಖಾಸಿಂಸಾಬರನ್ನು ಚಿತ್ರಮಾಪನಾಧಿಕಾರಿಯನ್ನಾಗಿ ನೇಮಿಸಲಾಯಿತು. ಪಗಾರ ಹೆಚ್ಚಾಗಲಿಲ್ಲ, ಕೈಯಿರುವ ಕುರ್ಚಿ ಒಂದು ಬಂತು. ಅವರಿಗೆ ಬೇಜಾರೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಇಷ್ಟು ವರ್ಷ ಚಹಾದ ಕಿಟ್ಲಿ ಮಾತ್ರ ಕೇಳುತ್ತಿದ್ದ ಅವರ ಅಭಿಪ್ರಾಯಕ್ಕೆ ಈಗ ಶಿಕ್ಕಾ ಬೀಳುವುದಿತ್ತು.

ಸಂಘವು 'ಗುಡುಗು ಮೀಸೆ'ಯ ಡೈರೆಕ್ಟರಿಗೆ ಅಭಿನಂದನಾ ಪತ್ರ ಕಳಿಸಿತು. ಹದಿನೈದು ದಿನದಲ್ಲಿ ಹುನಗುಂದದ ಗೋಡೆಗಳ ಮೇಲೆ ಹೊಸ ಪೋಸ್ಟರು: 'ಇಳಕಲ್ಲಿನಲ್ಲಿ ಮೂರು ಗೇಣು ಪಡೆದ ಏಕೈಕ ಚಿತ್ರ!' ಮೂರಕ್ಕೆ ಮೂರು ಬಂದಿರಬೇಕು ಎಂದು ತಿಳಿದು ಜನ ಮುಗಿಬಿದ್ದರು. ಯಾರೂ ಬೈಯಲಿಲ್ಲ. ಮೂರು ಗೇಣಿನ ಸಿನಿಮಾ ತಮಗೇ ತಿಳಿಯಲಿಲ್ಲವೆಂದು ಹೇಳಿಕೊಳ್ಳಲು ಯಾರು ತಯಾರಿರುತ್ತಾರೆ?

ನಡುವೆ ಒಂದು ತೊಡಕೂ ಬಂತು. 'ಒಂದು ಕಿಟಕಿಯ ಸ್ವಗತ' ಎಂಬ ಚಿತ್ರ ಹಚ್ಚಿದಾಗ ಹನ್ನೆರಡು ಮಗ್ಗಗಳ ಪೈಕಿ ಒಂಬತ್ತರಲ್ಲಿ ಒಂದು ಎಳೆಯೂ ಮುಂದೆ ಹೋಗಲಿಲ್ಲ. ಕೈ ನಿಂತಷ್ಟೂ ಸಿನಿಮಾ ದೊಡ್ಡದು ಎಂಬ ಖಾಸಿಂಸಾಬರ ಅಳತೆಯ ಪ್ರಕಾರ ಅದು ಜಗತ್ತಿನ ಅತ್ಯಂತ ಶ್ರೇಷ್ಠ ಸಿನಿಮಾ ಆಗಬೇಕಿತ್ತು.

"ಮಂದಿ ಮಕ್ಕೊಂಡಿತ್ರೀ!" ಎಂದು ಖಾಸಿಂಸಾಬರು ಹೌಹಾರಿದರು. "ಶಿರೂರನ ಮ್ಯಾಲೆ ಈ ಕಿಟಕಿನ್ನ ಕುಂಡ್ರಸಾಕ ನಾ ಬಿಡೂದಿಲ್ಲ."

ಆದ್ದರಿಂದ ತಿದ್ದುಪಡಿ ತರಲಾಯಿತು. ನಿದ್ದೆಯಿಂದ ನಿಂತ ಕೈ, ಬೆರಗಿನಿಂದ ನಿಂತ ಕೈ ಬೇರೆ ಬೇರೆ. ಎರಡರಲ್ಲೂ ಬಾಯಿ ತೆರೆದಿರುವುದರಿಂದ ಅಧಿಕಾರಿಯು ಕಣ್ಣನ್ನು ಬಗ್ಗಿ ನೋಡಿ ನಿರ್ಧರಿಸತಕ್ಕದ್ದು. ಮೌಲಾಬಿಯ ಕಣ್ಣನ್ನು ಬಗ್ಗಿ ನೋಡಲು ಹೋಗಿ ಖಾಸಿಂಸಾಬರು ಒಮ್ಮೆ ಬೈಸಿಕೊಂಡದ್ದೂ ಉಂಟು.

ಎಲ್ಲ ಸುರಳೀತ ನಡೆದಿರುವಾಗ ಸೋಮಲಿಂಗ ಶಿರೂರನ ಹೊಸ ಚಿತ್ರ ಬಂತು: 'ಅತ್ತಿಗೊಂದು ಸ್ಕೂಟಿ'. ಬಾಗಲಕೋಟೆಯಲ್ಲಿ ಅದು ಮೂರೇ ದಿನ ಓಡಿತು. ಆ ಮೂರರಲ್ಲಿ ಎರಡು ದಿನ ಖಾಸಿಂಸಾಬರಿಗೆ ಹೊಟ್ಟೆನೋವಿತ್ತು. ಮುಂದೆ ಅದು ಟಿವಿಯಲ್ಲಿ ಸಿಗುವಂತಾದಾಗ, ಶೆಡ್ಡಿನ ಹೆಣ್ಣುಮಕ್ಕಳೂ ಒಮ್ಮೆ ನೋಡಲಿ ಎಂಬ ಆಸೆಯನ್ನು ತಡೆದುಕೊಳ್ಳಲಾಗದೆ, 'ಹೊಸದು, ಅಳತೆಯಾಗಬೇಕು' ಎಂದು ಬರೆದು ಮಂಗಳವಾರದ ಪಟ್ಟಿಗೆ ಸೇರಿಸಿದರು.

ಕತೆ ಇಷ್ಟೇ. ಅರವತ್ತು ದಾಟಿದ ಅತ್ತೆಗೆ ಸ್ಕೂಟಿ ಕಲಿಯುವ ಆಸೆ. ಸೊಸೆ ಆಕೆಯನ್ನು ಭಾನುವಾರ ಭಾನುವಾರ ಬಾಗಲಕೋಟೆ ವಿದ್ಯಾಗಿರಿಯ ಕಾಲೇಜು ಮೈದಾನಕ್ಕೆ ಕರೆದೊಯ್ದು ಗುಟ್ಟಾಗಿ ಕಲಿಸುತ್ತಾಳೆ. ಒಂದು ದಿನ ಅತ್ತೆ ಯಾರಿಗೂ ಹೇಳದೆ ಬಾದಾಮಿಯ ಅಕ್ಕನನ್ನು ನೋಡಲು ಒಬ್ಬಳೇ ಹೊರಡುತ್ತಾಳೆ. ಇಪ್ಪತ್ತನೇ ನಿಮಿಷಕ್ಕೆ ಸತ್ಯವ್ವನ ಕೈ ನಿಂತಿತು. ಅತ್ತೆ ಸ್ಕೂಟಿಯಿಂದ ಬಿದ್ದು, ಸೆರಗು ಝಾಡಿಸಿ, ಮತ್ತೆ ಹತ್ತಿದಾಗ ಮೌಲಾಬಿಯ ಕೈಯಿಂದ ಲಾಳಿ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳುವವರಿಲ್ಲ. ಅರ್ಧ ಸಿನಿಮಾದ ಹೊತ್ತಿಗೆ ದಾರಿಯ ಕೆರೂರ ಸಂತೆಯ ನಟ್ಟನಡುವೆ ಪೆಟ್ರೋಲು ತೀರಿ ಸ್ಕೂಟಿ ಬಂದ್ ಬಿತ್ತು. ಅತ್ತೆಯ ಕೈಯಲ್ಲಿ ಚೀಲವಿಲ್ಲ, ಫೋನಿಲ್ಲ.

ಓಣಿಯಲ್ಲಿ ಮಗ್ಗದ ಸಪ್ಪಳವೇ ಇಲ್ಲದ್ದನ್ನು ಕೇಳಿ ಶಿವಪ್ರಕಾಶರು ಆಫೀಸಿನಿಂದ ಓಡಿ ಬಂದರು. ಟಿವಿ ಬಂದ್ ಮಾಡಿ, ರಿಮೋಟನ್ನು ತಿಜೋರಿಯಲ್ಲಿಟ್ಟು, ಕೀಲಿಗೆ ಅರಗಿನ ಶಿಕ್ಕಾ ಒತ್ತಿದರು. ಚಿತ್ರವನ್ನೂ, ಸೋಮಲಿಂಗ ಶಿರೂರನು ಮುಂದೆ ಮಾಡಬಹುದಾದ ಚಿತ್ರಗಳನ್ನೂ ಕಾಯಂ ನಿಷೇಧಿಸುವ ಆದೇಶ ತಯಾರಾಗುತ್ತದೆ, ಅಧಿಕಾರಿಯ ಅಳತೆ ಬರಲಿ ಎಂದರು.

ಅಂದು ಯಾರಿಗೂ ಚಹಾ ಇಳಿಯಲಿಲ್ಲ. ಸತ್ಯವ್ವ ಖಾಸಿಂಸಾಬರ ಕುರ್ಚಿಯ ಮುಂದೆ ಬಂದು ಕೂತಳು. "ಒಂದು ಹೊಡೆದಾಟಾ ಇಲ್ಲ, ಒಂದು ಹಾಡಾ ಇಲ್ಲ, ಎದಿ ಮಾತ್ರ ಡವಡವಾ ಅನ್ನಾಕತ್ತೈತಿ. ಅಣ್ಣಾರ, ಅತ್ತಿ ಬದಾಮಿ ಮುಟ್ಟಿದಳೋ ಇಲ್ಲೋ, ಅಷ್ಟ ಹೇಳ್ರಿ."

"ಕ್ಲೈಮ್ಯಾಕ್ಸ್ ಹೇಳಾವ ಅಲ್ಲ ತಂಗಿ ನಾ. ಹೇಳಿದ್ರ ಆ ಡೈರೆಕ್ಟರಗ ದ್ರೋಹ ಮಾಡಿದಂಗ."

"ಹಂಗಾರ ವಹಿಯಾಗ ಮೂರು ಗೇಣು ಅಂತ ಬರದುಬಿಡ್ರಿ. ನಾಳೆ ಮತ್ತ ಹಚ್ಚತಾರ."

ಖಾಸಿಂಸಾಬರ ಮುಖ ಕೆಂಪಾಯಿತು. "ಮೂರು ಗೇಣು? ಶಿರೂರನ ಸಿನಿಮಾಕ್ಕ? ಒಯ್ದು ಗುಡುಗು ಮೀಸಿ ಮಗ್ಗಲಕ ಕುಂಡ್ರಸಲೇನ ಅದನ್ನ? ನಿಷೇಧ ಆದ್ರ ಆಗಲಿ, ನನ್ನ ಕೈಯಿಂದ ಆ ಅಪಮಾನ ಆಗೂದಿಲ್ಲ."

"ಆತು ಬಿಡ್ರಿ," ಎಂದಳು ಸತ್ಯವ್ವ ಎದ್ದು. "ನಿಮ್ಮ ಡೈರೆಕ್ಟರನ ಮಾನಾ ಉಳೀತು. ನಮ್ಮ ಅತ್ತಿ ಮಾತ್ರ ಕೆರೂರ ಸಂತ್ಯಾಗ ಬಿಸಲಾಗ ನಿಂತಾಳ. ಆಕಿಗೆ ಪೆಟ್ರೋಲ್ ಯಾರ ಹಾಕಸಬೇಕ್ರಿ?"

ಆ ಮಾತು ಖಾಸಿಂಸಾಬರಿಗೆ ನಟ್ಟಿತು. ಮನೆಯಲ್ಲಿ ರೊಟ್ಟಿ ಮುರಿದರೆ ಅತ್ತೆ ಕಣ್ಣಮುಂದೆ ಬರುತ್ತಾಳೆ. ತಾವು ಎರಡೆರಡು ಸಲ ನೋಡಿ ಕೂತವರು, ಆ ಹೆಣ್ಣುಮಕ್ಕಳಿಗೆ ಅರ್ಧ ತೋರಿಸಿ ಬಾಗಿಲು ಹಾಕಿದಂತಾಯಿತಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು. ಈ ಸಲದ ಹೊಟ್ಟೆನೋವು ಖರೆ ಇತ್ತು. ಮರುದಿನ ಅವರು ಸಂಘದ ಉಪವಿಧಿಗಳ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದರು, ಹನ್ನೊಂದನೆಯದಕ್ಕೆ ಬಂದು ನಿಂತರು. 'ಮಗ್ಗದಿಂದ ಇಳಿಯದ, ಅರ್ಧ ನೇಯ್ದ ಸೀರೆಯನ್ನು ನಪಾಸು ಮಾಡತಕ್ಕದ್ದಲ್ಲ.'

ಅರ್ಜಿ ಹೋಯಿತು. ಅರ್ಧ ನೋಡಿದ ಸಿನಿಮಾ ಅರ್ಧ ನೇಯ್ದ ಸೀರೆ; ನಿಷೇಧಿಸಬೇಕಾದರೆ ಪೂರ್ತಿ ತೋರಿಸಿಯೇ ನಿಷೇಧಿಸಬೇಕು. ಶಿವಪ್ರಕಾಶರು ಮೂರು ಸಲ ಓದಿದರು. ಉಪವಿಧಿಯನ್ನು ಮೀರುವ ಪೈಕಿ ಅವರಲ್ಲ. ಮುಂದಿನ ಬುಧವಾರ, ಸ್ವತಃ ಅಧ್ಯಕ್ಷರ ಸಮಕ್ಷಮ, ಉಳಿದ ಅರ್ಧದ ಅಳತೆ ಎಂದು ಆದೇಶವಾಯಿತು.

ಬುಧವಾರ ಹನ್ನೆರಡೂ ಮಗ್ಗದಲ್ಲಿ ಜನ ಹಾಜರು. ಮಗ್ಗವೇ ಇಲ್ಲದವರೂ ಬಂದಿದ್ದರು. ಶಿವಪ್ರಕಾಶರು ಅಧಿಕಾರಿಯ ಕುರ್ಚಿಯಲ್ಲಿ ಕೂತು, ಮೊದಲು ನೇಕಾರರ ಕೈಗಳನ್ನೇ ನೋಡುತ್ತಿದ್ದರು. ಹತ್ತು ನಿಮಿಷಕ್ಕೆ ಟಿವಿಯತ್ತ ಒಮ್ಮೆ ಕಣ್ಣು ಹಾಯಿಸಿದರು. ಆ ಕಣ್ಣು ಮರಳಿ ಬರಲಿಲ್ಲ.

"ಈಕಿ ಯಾಕ ಅಳಾಕತ್ತಾಳ?" ಎಂದು ಮೆಲ್ಲಗೆ ಕೇಳಿದರು.

"ಮೊದಲಿಂದ ನೋಡಬೇಕ್ರಿ ಸಾಹೇಬ್ರ," ಎಂದಳು ಮೌಲಾಬಿ ಟಿವಿಯಿಂದ ಮುಖ ಸರಿಸದೆ.

ಅತ್ತೆ ಬಾದಾಮಿ ಮುಟ್ಟಿದಳೇ ಎಂಬುದನ್ನು ಇಲ್ಲಿ ಬರೆಯಲು ಖಾಸಿಂಸಾಬರ ಒಪ್ಪಿಗೆಯಿಲ್ಲ. ಸಿನಿಮಾ ಮುಗಿದಾಗ ಸತ್ಯವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನಗುತ್ತಿದ್ದಳು ಎಂದಷ್ಟೇ ದಾಖಲಿಸಬಹುದು. ಖಾಸಿಂಸಾಬರು ಅಳೆದರು: ಅರ್ಧ ಗೇಣು. ಅಷ್ಟು ಖುಷಿಯಿಂದ ಅವರು ಯಾವ ಅಂಕಿಯನ್ನೂ ಬರೆದಿರಲಿಲ್ಲ.

ಶಿವಪ್ರಕಾಶರು ನಿಷೇಧದ ಆದೇಶಕ್ಕೆ ಸಹಿ ಹಾಕಲು ಪೆನ್ನು ತೆಗೆದರು, ಮತ್ತೆ ಅದರ ಮುಚ್ಚಳ ಹಾಕಿ ಜೇಬಿಗಿಟ್ಟರು. "ನಾ ಬರೇ ಕಡೀ ಅರ್ಧಾ ನೋಡೇನಿ. ಅರ್ಧಾ ನೋಡಿ ನಪಾಸ್ ಮಾಡಾಕ ಬರೂದಿಲ್ಲ. ಮುಂದಿನ ಬುಧವಾರ ಮೊದಲಿಂದ ಹಚ್ರಿ."

ಮುಂದಿನ ಬುಧವಾರ ಮೊದಲಿನಿಂದ ಹಚ್ಚಿದರು, ಅರ್ಧ ಗೇಣೇ ಬಂತು, ಚಿತ್ರ ನಿಷೇಧವಾಯಿತು. ಆದರೆ ನಡುವೆ ಚಹಾ ಬಂದು ಅಧ್ಯಕ್ಷರಿಗೆ ಎರಡು ಸೀನು ತಪ್ಪಿದ್ದರಿಂದ ಅಳತೆಯಲ್ಲಿ ಸಂಶಯ ಉಳಿಯಿತು. ಅದರ ಮುಂದಿನ ವಾರ ಕರೆಂಟು ಹೋಯಿತು. ಮತ್ತೊಂದು ವಾರ ಅಧ್ಯಕ್ಷರ ಪತ್ನಿ ಸಾಕ್ಷಿಯಾಗಿ ಬಂದರು. ಸಾಕ್ಷಿಗೆ ಎರಡನೇ ಸಲ ನೋಡದೆ ಖಾತ್ರಿಯಾಗಲಿಲ್ಲ. ಕಾರಣಗಳೆಲ್ಲ ತೀರಿದ ಮೇಲೆ ಕಾರ್ಯಕಾರಿ ಮಂಡಳಿ ಒಮ್ಮತದಿಂದ ಠರಾವು ಪಾಸು ಮಾಡಿತು: ನಿಷೇಧಿತ ಚಿತ್ರವು ಇನ್ನೂ ನಿಷೇಧಕ್ಕೆ ಯೋಗ್ಯವಾಗಿಯೇ ಉಳಿದಿದೆಯೇ ಎಂಬುದನ್ನು ಪ್ರತಿ ಬುಧವಾರ ಪರೀಕ್ಷಿಸತಕ್ಕದ್ದು.

ಉತ್ಪಾದನೆಗೆ ಇದರಿಂದ ಧಕ್ಕೆಯೇನೂ ಆಗಿಲ್ಲ. ಮಂಗಳವಾರ ಎಲ್ಲರೂ ನಾಳೆಯ ಉಮೇದಿನಲ್ಲಿ ನಾಲ್ಕು ಗೇಣು ನೇಯುತ್ತಾರೆ, ಗುರುವಾರ ನಿನ್ನೆಯ ಮಾತಾಡುತ್ತ ನಾಲ್ಕು ಗೇಣು ನೇಯುತ್ತಾರೆ. ಶಿರೂರನ ಹಳೆಯ ಚಿತ್ರಗಳ ಮೇಲೂ ಮರುವಿಚಾರಣೆ ಸುರುವಾಗಿದೆ, ಬಸ್ಸಿಗೆ ಕಾಯುವ ಸೀನನ್ನು ಇನ್ನೊಮ್ಮೆ ಹಚ್ಚಿರೆಂದು ಸತ್ಯವ್ವನೇ ಅರ್ಜಿ ಕೊಟ್ಟಿದ್ದಾಳೆ. ಹೋದ ವಾರ ಸಂಘದಿಂದ ಡೈರೆಕ್ಟರಿಗೆ ರಿಜಿಸ್ಟರ್ಡ್ ಪತ್ರ ಹೋಯಿತು. ಒಕ್ಕಣೆ ಖಾಸಿಂಸಾಬರದು, ಸಹಿ ಶಿವಪ್ರಕಾಶರದು:

"ಮಾನ್ಯರೇ, ತಮ್ಮ 'ಅತ್ತಿಗೊಂದು ಸ್ಕೂಟಿ' ಚಿತ್ರವನ್ನು ನಮ್ಮ ಸಂಘವು ಇಂದಿನವರೆಗೆ ಇಪ್ಪತ್ತಾರು ಸಲ ನಿಷೇಧಿಸಿದೆ. ಪ್ರತಿ ಸಲವೂ ಶೆಡ್ಡು ತುಂಬಿತ್ತು. ತಮ್ಮ ಮುಂದಿನ ಚಿತ್ರ ಯಾವಾಗ ಬರುತ್ತದೆ ಎಂಬುದನ್ನು ದಯವಿಟ್ಟು ಮೊದಲೇ ತಿಳಿಸಬೇಕು. ಅದನ್ನೂ ನಿಷೇಧಿಸಲು ನೇಕಾರರು ದಾರಿ ಕಾಯುತ್ತಿದ್ದಾರೆ."