ಅರ್ಧ ತಾಲೂಕಿನ ಬಂಗಡೆ

ಹೊನ್ನಾವರ ತಾಲೂಕಿನಲ್ಲಿ ಈ ಸಲ ಶಾಸಕರನ್ನು ಗೆಲ್ಲಿಸಿದ್ದೂ ನಾನೇ, ಸೋಲಿಸಿದ್ದೂ ನಾನೇ. ಸುಳ್ಳು. ನನ್ನ ಮಾತಿಗೆ ನನ್ನ ಹೆಂಡತಿಯ ಓಟೂ ಬೀಳುವುದಿಲ್ಲ. ಆದರೆ ವಿಧಾನಸಭೆ ಚುನಾವಣೆ ಬಂತೆಂದರೆ ನಮ್ಮಲ್ಲಿ ಏನಾದರೊಂದು ಭಾನಗಡಿ ಆಗುವುದೇ. ತಾಲೂಕು ಒಂದು, ಕ್ಷೇತ್ರ ಎರಡು ನೋಡಿ. ಹೊಳೆಯಿಂದ ದಕ್ಷಿಣಕ್ಕೆ ನಮ್ಮ ಮಂಕಿ, ಅದು ಭಟ್ಕಳ ಕ್ಷೇತ್ರ. ಉತ್ತರಕ್ಕೆ ಹೊನ್ನಾವರ ಪೇಟೆ, ಅದು ಕುಮಟಾ ಕ್ಷೇತ್ರ. ಅಕ್ಕನ ಗಂಡ, ಅಂದರೆ ನಮ್ಮ ಬಾವ, ಪೇಟೆಯವರು.

೧. ಶಪಥ

ಮೀನುಪೇಟೆಯಲ್ಲಿ ನಾಲ್ಕು ಜನರ ಎದುರು ಬಾವ ಸಾರಿಬಿಟ್ಟರು: "ಹೊನ್ನಾವರದಲ್ಲಿ ನಮ್ಮ ಪಕ್ಷ ಸೋತ್ರೆ ಮುಂದಿನ ಇಲೆಕ್ಷನ್ ತನಕ ನಾ ಮೀನು ಮುಟ್ಟೂದಿಲ್ಲ."

ಮೀನು ಮಾರುವವಳು ಗಾಬರಿಯಾದಳು. "ಐದು ವರ್ಷದ ಗಿರಾಕಿ ಹೋಯ್ತಲ್ರಾ. ಬದನೆಕಾಯಿ ಬಿಡ್ತೆ ಅನ್ನಿ, ಒಡೆಯ."

ಬಾವ ಬದನೆಕಾಯಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಹಾಗಾಗಿ ಮೀನೇ ಗಟ್ಟಿಯಾಯಿತು.

೨. ಪ್ರಚಾರ

ನಾನು ಮಂಕಿಯಿಂದ ತಮಾಷೆಗೆ ಫೋನು ಮಾಡಿದೆ. "ಬಾವ, ನಮ್ಮ ಕೇರಿ ಈ ಸಲ ಕುಮಟಾ ಕ್ಷೇತ್ರಕ್ಕೆ ಸೇರ್ತು. ಬೇಗ ಬನ್ನಿ."

ಮೀನಿನ ಆಸೆ ಕೇಳಬೇಕಲ್ಲ, ಬಂದೇಬಿಟ್ಟರು. ಬಿಸಿಲಲ್ಲಿ ಮೂವತ್ತು ಮನೆ ಹತ್ತಿಳಿದರು. ಕೊನೆಯ ಮನೆಯ ಅಜ್ಜಿ ಭಾಷಣ ಪೂರ್ತಿ ಕೇಳಿ, ಬೆಲ್ಲ ನೀರು ಕೊಟ್ಟು ಅಂದಳು: "ನೀ ಹೇಳಿದವ ಒಳ್ಳೆಯವನೇ ಇರ್ಬೇಕು ತಮಾ. ಆದ್ರೆ ಅವನ ಹೆಸರು ನಮ್ಮ ಮಿಷಿನಲ್ಲಿ ಇರೂದಿಲ್ಲ. ಇದು ಭಟ್ಕಳಕ್ಕೆ ಸೇರಿದ್ದು."

"ಮೊದ್ಲೇ ಹೇಳೂಕೆ ಎಂತಾಗಿತ್ತು?"

"ಇಪ್ಪತ್ತೊಂಬತ್ತು ಮನೆಯವರು ಪುಕ್ಕಟೆ ಭಾಷಣ ಕೇಳಿದ್ರಲ್ಲ. ನನಗೊಬ್ಬಳಿಗೆ ಬೇಡ್ವಾ?"

೩. ಎಣಿಕೆ

ಎರಡೂ ಕ್ಷೇತ್ರದ ಎಣಿಕೆ ಕುಮಟಾದ ಒಂದೇ ಕಾಲೇಜಿನಲ್ಲಿ. ಗೇಟಿನ ಹೊರಗೆ ನಿಂತಿದ್ದೆವು. ಮೈಕಿನಲ್ಲಿ ಬಾವನ ಪಕ್ಷ ಮುಂದಿದೆ ಎಂದು ಕೇಳಿದ್ದೇ ತಡ, ಬಾವ ಪೇಡೆ ಡಬ್ಬಿ ಬಿಚ್ಚಿ ಸಿಕ್ಕಿದವರ ಬಾಯಿಗೆಲ್ಲ ತುರುಕಿದರು. ಪೊಲೀಸಪ್ಪ ಒಂದನ್ನು ನಿಧಾನ ನುಂಗಿ, ಕೈ ಒರೆಸಿಕೊಂಡು, "ಅದು ಭಟ್ಕಳದ್ದು. ಕುಮಟಾದಲ್ಲಿ ನಿಮ್ಮವ ಹಿಂದಿದ್ದಾನೆ" ಅಂದ.

ಬಾವ ತಕ್ಷಣ ಡಬ್ಬಿಯ ಮುಚ್ಚಳ ಹಾಕಿದರು. ಒಳಗೆ ಮುಚ್ಚುವಂಥದ್ದು ಏನೂ ಉಳಿದಿರಲಿಲ್ಲ.

೪. ಊಟ

ಕೊನೆಗೂ ಹಾಗೇ ಆಯಿತು. ಭಟ್ಕಳದಲ್ಲಿ ಅವರ ಪಕ್ಷ ಗೆದ್ದಿತು, ಕುಮಟಾದಲ್ಲಿ ಸೋತಿತು. ನಾವು ಬಾವನ ಮನೆಗೆ ಬಂದರೆ ಅಕ್ಕ ಬಂಗಡೆ ಹುರಿಯುತ್ತಿದ್ದಳು. ಬಾವ ಬಾಗಿಲಲ್ಲೇ ನಿಂತು ಮೂಸಿ, ವಾದ ಹೂಡಿದರು: "ನಾ ಹೇಳಿದ್ದು ಹೊನ್ನಾವರ. ಅರ್ಧ ಹೊನ್ನಾವರ ಗೆದ್ದೆವಲ್ಲ. ಶಪಥವೂ ಅರ್ಧವೇ ಲಾಗೂ."

"ಆತು," ಅಂದಳು ಅಕ್ಕ. ಇಡೀ ಬಂಗಡೆಯನ್ನು ತಟ್ಟೆಯಲ್ಲಿ ಉದ್ದಕ್ಕೆ ಮಲಗಿಸಿ ನಡುವಿಗೆ ಸೌಟು ಒತ್ತಿದಳು. "ಇದು ಹೊಳೆ. ತಲೆ ಬದಿ ಕುಮಟಾ, ಸೋತದ್ದು. ಬಾಲದ ಬದಿ ಮಂಕಿ, ಗೆದ್ದದ್ದು. ಅದು ನಿಮ್ಗೆ."

ತಲೆ ಬದಿಯ ದಪ್ಪ ತುಂಡು ನನ್ನ ತಟ್ಟೆಗೆ ಬಂತು.

"ಇವಂಗೆ ಯಾಕೆ?" ಬಾವ ಕೇಳಿದರು.

"ಅವ ಶಪಥ ಮಾಡ್ಲಿಲ್ಲ."

ಇದರಲ್ಲಿ ಎಷ್ಟು ನಿಜ ಅಂತ ಬಾವನ ಹತ್ತಿರ ಕೇಳಲು ಹೋಗಬೇಡಿ. ಕತೆ ಹೇಳಿದ್ದಕ್ಕೆ ನನ್ನ ಚಾದ ದುಡ್ಡು ಮಾತ್ರ ಕೊಟ್ಟು ಹೋಗಿ.